ಪಾದ್ರಿಯ ಕೈಯಲ್ಲಿ ಕೊಟ್ಟು ಕಳುಹಿಸಿದ ಮಾತು

ಯುದ್ಧದ ಹೊತ್ತಿನಲ್ಲಿ ಧರ್ಮ ಬಲ್ಲವರೊಬ್ಬರನ್ನು ಎರಡು ಪಾಳೆಯಗಳ ನಡುವೆ ಕಳುಹಿಸುವುದು ಹಳೆಯ ರೂಢಿ. ಅವರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದು ಓದಿ ತಿಳಿಯುವುದಕ್ಕಿಂತ ಪಾತ್ರ ಹಾಕಿಕೊಂಡು ಕೂತು ಆಡಿದರೆ ಬೇಗ ಗೊತ್ತಾಗುತ್ತದೆ. ಕೊಡಗಿನಲ್ಲಿ ನಾವು ನಡೆಸಿಕೊಂಡು ಬಂದಿರುವ ಸಂಧಾನದ ಅಭ್ಯಾಸ ಇದಕ್ಕಾಗಿಯೇ. ಕಾಲೇಜು ವಿದ್ಯಾರ್ಥಿಗಳು, ಸೇನೆಯಿಂದ ನಿವೃತ್ತರಾದವರು, ಮಸೀದಿಯ ಉಸ್ತಾದರು, ಚರ್ಚಿನ ಫಾದರ್, ಸಂಸ್ಕೃತ ಪಾಠಶಾಲೆಯಲ್ಲಿ ಓದಿದವರು, ಊರಿನ ಮುಖಂಡರಾದ ತಕ್ಕರು, ಹೀಗೆ ಎಲ್ಲರೂ ಬಂದು ಕೂರುತ್ತಾರೆ. ಅದನ್ನು ಹೇಗೆ ನಡೆಸುತ್ತೇವೆ, ಎಲ್ಲಿ ಕೆಡುತ್ತದೆ, ಯಾಕೆ ಕೆಡುತ್ತದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇವೆ. ಬೇರೆ ಊರಿನವರು ತಮ್ಮಲ್ಲಿಯೂ ನಡೆಸಲಿ ಎಂಬುದು ನಮ್ಮ ಆಸೆ.

ಅಭ್ಯಾಸಕ್ಕೆ ಆರಿಸಿಕೊಂಡ ಪ್ರಸಂಗ 1779ರದು. ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಗವರ್ನರ್ ಸರ್ ಥಾಮಸ್ ರಂಬೋಲ್ಡ್ ಆ ವರ್ಷ ಜರ್ಮನ್ ಪಾದ್ರಿ ಕ್ರಿಶ್ಚಿಯನ್ ಫ್ರೆಡ್ರಿಕ್ ಶ್ವಾರ್ಟ್ಸ್‌ನನ್ನು ಶ್ರೀರಂಗಪಟ್ಟಣಕ್ಕೆ, ಹೈದರಾಲಿಯ ಬಳಿಗೆ ಕಳುಹಿಸಿದ. ಹಾಲೆ ವಿಶ್ವವಿದ್ಯಾಲಯದಲ್ಲಿ ಓದಿ, 1750ರಲ್ಲಿ ತರಂಗಂಬಾಡಿಗೆ ಬಂದಿಳಿದ ಶ್ವಾರ್ಟ್ಸ್ ತಮಿಳು, ಹಿಂದೂಸ್ತಾನಿ, ಮರಾಠಿ, ಪಾರ್ಸಿ ಕಲಿತಿದ್ದ. ತಿರುಚಿರಾಪಳ್ಳಿಯಲ್ಲೂ ತಂಜಾವೂರಿನಲ್ಲೂ ಅವನ ಕೆಲಸ. ದುಭಾಷಿಯ ಹಂಗಿಲ್ಲದೆ ಹೈದರನೊಂದಿಗೆ ಮಾತಾಡಬಲ್ಲ, ಲಂಚಕ್ಕೆ ಬೀಳದ ಮನುಷ್ಯ ಎಂಬ ಎರಡು ಕಾರಣಕ್ಕೆ ಅವನ ಆಯ್ಕೆಯಾಯಿತು. ನಮಗೆ ಈ ಪ್ರಸಂಗ ಒಗ್ಗುವುದಕ್ಕೆ ಇನ್ನೂ ಕಾರಣಗಳಿವೆ. ಶ್ವಾರ್ಟ್ಸ್ ಪ್ರಯಾಣದ ವಿವರ ಬರೆದಿಟ್ಟಿದ್ದಾನೆ, ಹೈದರನ ಉತ್ತರದ ಸಾರಾಂಶ ಸಿಗುತ್ತದೆ, ಶ್ರೀರಂಗಪಟ್ಟಣ ನಮಗೆ ಪಕ್ಕದ ಊರು. ಆ ಹೊತ್ತಿಗೆ ಕೊಡಗು ಕೂಡ ಹೈದರನ ಕೈಕೆಳಗೆ ಇತ್ತು.

ಹದಿನಾಲ್ಕು ಜನ ಬೇಕು. ಮದ್ರಾಸ್ ಕೌನ್ಸಿಲ್‌ಗೆ ನಾಲ್ವರು: ಗವರ್ನರ್ ಒಬ್ಬರು, ಸದಸ್ಯರು ಮೂವರು. ಹೈದರನ ಕಡೆಗೆ ನಾಲ್ವರು: ನವಾಬ ಅಂದರೆ ಹೈದರ್, ಒಬ್ಬ ಸರದಾರ, ಪತ್ರ ಬರೆಯುವ ಇಬ್ಬರು ಮುನ್ಷಿಗಳು. ಪಾದ್ರಿ ಒಬ್ಬರು, ಅವರ ಜೊತೆಗೊಬ್ಬರು. ಶ್ವಾರ್ಟ್ಸ್ ಜೊತೆಗೂ ಅವನ ಶಿಷ್ಯ ಸತ್ಯನಾಥನ್ ಹೋಗಿದ್ದ. ಗಡಿಯ ಅಧಿಕಾರಿ ಒಬ್ಬರು. ಉಸ್ತುವಾರಿಗೆ ಇಬ್ಬರು. ಹದಿನಾಲ್ಕನೆಯವರಿಗೆ ಮಾತಿಲ್ಲ, ಬರೀ ಕುರ್ಚಿ. ಅವರ ವಿಚಾರ ಕೊನೆಗೆ ಹೇಳುತ್ತೇವೆ. ಜಾಗ ಮೂರು: ಮದ್ರಾಸ್, ಕರೂರು, ಶ್ರೀರಂಗಪಟ್ಟಣ. ಶಾಲೆಯಾದರೆ ಎರಡು ತುದಿಯ ಕೊಠಡಿಗಳು ಮತ್ತು ನಡುವಿನ ಜಗಲಿ ಸಾಕು. ಶೀಟಿನ ಮಾಡಿನ ಕಟ್ಟಡ ಬೇಡ; ಮಳೆ ಹೊಡೆದರೆ ಎದುರಿನವರ ಮಾತು ಅರ್ಧ ಕೇಳುವುದಿಲ್ಲ, ಈ ಅಭ್ಯಾಸವೋ ಪೂರ್ತಿ ಕಿವಿಯ ಮೇಲೆ ನಿಂತದ್ದು. ಕಾಫಿ ಕುಯ್ಲಿನಲ್ಲಿ ಜನ ಸಿಗುವುದಿಲ್ಲ. ಕೈಲ್ ಮುಹೂರ್ತ ಕಳೆದು ಹುತ್ತರಿ ಬರುವುದರೊಳಗೆ ಇಟ್ಟುಕೊಂಡರೆ ಒಳ್ಳೆಯದು.

ಕಾಗದಗಳನ್ನು ಹಂಚುವುದರಲ್ಲೇ ಅರ್ಧ ಕೆಲಸ ಅಡಗಿದೆ. ಕೌನ್ಸಿಲ್‌ಗೆ ಮೂರು ಲಕೋಟೆ. ಮೊದಲನೆಯದರಲ್ಲಿ ಪಾದ್ರಿಗೆ ಹೇಳಬೇಕಾದದ್ದು: ಆಡಂಬರವಿಲ್ಲದೆ ಖಾಸಗಿಯಾಗಿ ಹೋಗಿ ಹೈದರನ ಮನಸ್ಸು ಏನೆಂದು ತಿಳಿ, ಕಂಪನಿಗೆ ಶಾಂತಿ ಬೇಕಾಗಿದೆ ಎಂದು ಭರವಸೆ ಕೊಡು. ಎರಡನೆಯದರಲ್ಲಿ ಮಾಹೆ: ಹೈದರನಿಗೆ ಮದ್ದುಗುಂಡು ಬಂದು ಇಳಿಯುತ್ತಿದ್ದ ಆ ಫ್ರೆಂಚ್ ಬಂದರನ್ನು ಅವನು ಬೇಡವೆಂದರೂ ಅದೇ ವರ್ಷ ಮಾರ್ಚ್‌ನಲ್ಲಿ ಕಂಪನಿ ಹಿಡಿದಿದೆ. ಮೂರನೆಯದರಲ್ಲಿ ಕರ್ನಲ್ ಹಾರ್ಪರ್‌ನ ದಂಡು: ನಿಜಾಮನ ತಮ್ಮ ಬಸಾಲತ್ ಜಂಗ್‌ನ ನೆರವಿಗೆಂದು ಹೊರಟ ಆ ದಂಡು ಹೈದರನ ಒಪ್ಪಿಗೆ ಕೇಳದೆ ಕಡಪದ ಕಡೆಯ ಅವನದೇ ಸೀಮೆಯ ಮೂಲಕ ಸಾಗಲಿದೆ. ನವಾಬನ ಲಕೋಟೆಯಲ್ಲಿ 1769ರ ಕರಾರಿನ ಸಾರಾಂಶ ಇರುತ್ತದೆ. ಕಷ್ಟಕಾಲದಲ್ಲಿ ಒಬ್ಬರಿಗೊಬ್ಬರು ಒದಗಬೇಕೆಂದು ಮದ್ರಾಸಿನಲ್ಲಿ ಬರೆದುಕೊಂಡ ಕರಾರು ಅದು. ಮರಾಠರು ಮೈಸೂರಿನ ಮೇಲೆ ಬಿದ್ದಾಗ ಕಂಪನಿ ಒದಗಲಿಲ್ಲ. ಅದರ ಜೊತೆಗೆ ಮಾಹೆಯ ಸುದ್ದಿ, ಬಸಾಲತ್ ಜಂಗ್‌ನಿಂದ ಕಂಪನಿ ಗುಂಟೂರನ್ನು ಪಡೆದ ಸುದ್ದಿ. ಪಾದ್ರಿಗೆ ಲಕೋಟೆಯೇ ಇಲ್ಲ. ಅವರು ಏನನ್ನು ಕೇಳಿ ತಿಳಿದುಕೊಳ್ಳುತ್ತಾರೋ ಅಷ್ಟೇ ಅವರ ಬಂಡವಾಳ.

ಮೊದಲ ಮುಕ್ಕಾಲು ಗಂಟೆ ಮದ್ರಾಸ್ ಕೊಠಡಿಯಲ್ಲಿ. ಹೊರಡುವ ಮೊದಲು ಪಾದ್ರಿ ಕೇಳಬೇಕಾದ ಪ್ರಶ್ನೆಗಳು ಏನೇನು? ನಾನು ಯಾರ ಪರವಾಗಿ ಮಾತಾಡುತ್ತಿದ್ದೇನೆ, ಗವರ್ನರ್ ಒಬ್ಬರ ಪರವಾಗಿಯೋ ಇಡೀ ಕೌನ್ಸಿಲಿನ ಪರವಾಗಿಯೋ? ಅದು ಬರವಣಿಗೆಯಲ್ಲಿದೆಯೇ? ಯಾವ ಮಾತು ಕೊಡಬಹುದು, ಯಾವುದನ್ನು ಕೊಡಕೂಡದು? ತಂದ ಉತ್ತರ ಯಾರ ಕೈಗೆ? ಎಲ್ಲಕ್ಕಿಂತ ಮುಖ್ಯವಾದದ್ದು: ನಾನು ಅಲ್ಲಿ ಶಾಂತಿಯ ಮಾತಾಡುತ್ತಿರುವ ಹೊತ್ತಿಗೆ ನಿಮ್ಮ ಸೈನ್ಯ ಎಲ್ಲಿರುತ್ತದೆ?

ಕೊನೆಯ ಪ್ರಶ್ನೆಯನ್ನು ಕೇಳುವವರು ಅಪರೂಪ. ಧರ್ಮದ ಹಿನ್ನೆಲೆಯವರು ಇಲ್ಲಿ ಎಡವುವುದಕ್ಕೆ ಕಾರಣ ಅವರ ಒಳ್ಳೆಯತನವೇ. ಶಾಂತಿಯ ಕೆಲಸ ಎಂದ ಕೂಡಲೇ ಒಪ್ಪಿಬಿಡುತ್ತಾರೆ, ಕಳುಹಿಸುವವರ ಮೇಲೆ ಅನುಮಾನ ಪಡುವುದು ಸಣ್ಣತನ ಅಂದುಕೊಳ್ಳುತ್ತಾರೆ. ಶ್ವಾರ್ಟ್ಸ್ ಒಪ್ಪಿಕೊಂಡದ್ದೂ ಇಂಥ ಕಾರಣಗಳಿಗೇ: ರಕ್ತಪಾತ ತಪ್ಪಿದರೆ ಅದು ದೇವರು ಮೆಚ್ಚುವ ಕೆಲಸ, ಇದರಲ್ಲಿ ಒಳಸಂಚಿನ ಸೋಂಕು ಕಾಣುವುದಿಲ್ಲ, ಕಂಪನಿಯಿಂದ ಉಪಕಾರ ಪಡೆದಿದ್ದೇನೆ. ನಿವೃತ್ತ ಸುಬೇದಾರರೋ ಹವಾಲ್ದಾರರೋ ಪಾದ್ರಿಯ ಪಾತ್ರಕ್ಕೆ ಕೂತರೆ ಸೈನ್ಯದ ಪ್ರಶ್ನೆ ತಾನಾಗಿ ಬರುತ್ತದೆ. ಹೀಗಾಗಿ ಪಾದ್ರಿ ಮತ್ತು ಅವರ ಜೊತೆಗಾರ ಇಬ್ಬರನ್ನೂ ಒಂದೇ ಹಿನ್ನೆಲೆಯಿಂದ ಆರಿಸಬಾರದು. ಉಸ್ತಾದರ ಜೊತೆಗೆ ಒಬ್ಬ ಮಾಜಿ ಸೈನಿಕ, ಫಾದರ್ ಜೊತೆಗೆ ಒಬ್ಬ ವಕೀಲ, ಹೀಗೆ ಕೂರಿಸಿದರೆ ಪ್ರಶ್ನೆಗಳು ಬಿಡುವುದಿಲ್ಲ.

ಕೌನ್ಸಿಲ್ ಸುಳ್ಳು ಹೇಳಬಹುದೇ ಎಂದು ಪ್ರತಿಸಲವೂ ಯಾರಾದರೂ ಕೇಳುತ್ತಾರೆ. ಹೇಳಬಹುದು. ಆದರೆ ಪಾದ್ರಿ ನೇರವಾಗಿ ಕೇಳಿದರೆ ಅವರ ಉತ್ತರವನ್ನು ಉಸ್ತುವಾರಿಯವರು ಬರೆದಿಟ್ಟುಕೊಳ್ಳುತ್ತಾರೆ, ಸಾಯಂಕಾಲ ಎಲ್ಲರ ಎದುರು ಓದುತ್ತಾರೆ.

ಆಮೇಲೆ ಕರೂರು. ಅಲ್ಲಿಂದ ಮುಂದೆ ಹೈದರನ ಸೀಮೆ. ಶ್ವಾರ್ಟ್ಸ್ ಜುಲೈ ಮೊದಲ ವಾರ ಹೊರಟವನು ಅಲ್ಲಿ ಸುಮಾರು ಒಂದು ತಿಂಗಳು ಅಪ್ಪಣೆಗಾಗಿ ಕಾದ; ಶ್ರೀರಂಗಪಟ್ಟಣ ಮುಟ್ಟಿದ್ದು ಆಗಸ್ಟ್ ಕೊನೆಯ ವಾರ. ಅಭ್ಯಾಸದಲ್ಲಿ ಇದಕ್ಕೆ ಇಪ್ಪತ್ತು ನಿಮಿಷ, ಫೋನ್ ಇಲ್ಲದೆ, ಜಗಲಿಯ ಬೆಂಚಿನ ಮೇಲೆ. ಆ ಹೊತ್ತಿನಲ್ಲಿ ಪಾದ್ರಿ ಬರೆದುಕೊಳ್ಳಬೇಕಾದದ್ದು ರಹದಾರಿಯ ಒಕ್ಕಣೆ: ಹೋಗುವವರ ಹೆಸರು, ತಲೆ ಎಷ್ಟು, ಯಾವ ದಾರಿ, ಗಂಟುಮೂಟೆ ತಪಾಸಣೆ ಯಾರದು, ಮತ್ತು ಹಿಂದಿರುಗಿ ಬರುವುದಕ್ಕೂ ಇದು ಸಲ್ಲುತ್ತದೆ ಎಂಬ ಸಾಲು. ಈ ಕಡೆಯ ಸಾಲನ್ನು ಬಹಳಷ್ಟು ಜನ ಮರೆಯುತ್ತಾರೆ. ಗಡಿಯ ಅಧಿಕಾರಿಗೆ ನಾವು ಮೊದಲೇ ಹೇಳಿಟ್ಟಿರುತ್ತೇವೆ: ಆ ಸಾಲಿಲ್ಲದಿದ್ದರೆ ಒಳಗೆ ಬಿಡಿ, ವಾಪಸು ಬರುವಾಗ ತಡೆಯಿರಿ. ಯುದ್ಧ ಹತ್ತಿರವಾದ ಕಾಲದಲ್ಲಿ ದೂತ ಒತ್ತೆಯಾಳಾಗುವುದು ಹೀಗೆಯೇ.

ಇನ್ನೊಂದು ಎಡವಟ್ಟು, ಪರಿಚಯದವರ ಮೂಲಕ ನುಸುಳಿ ಒಳಗೆ ಹೋಗುವುದು. ಸರದಾರನ ಪಾತ್ರದಲ್ಲಿರುವವರು ಪಾದ್ರಿಯ ನೆಂಟರೋ ಊರಿನವರೋ ಆಗಿದ್ದರೆ 'ಬನ್ನಿ ಬನ್ನಿ' ಅಂದುಬಿಡುತ್ತಾರೆ. ಕೊಡಗಿನಂಥ ಸಣ್ಣ ಜಿಲ್ಲೆಯಲ್ಲಿ ಇದನ್ನು ತಡೆಯುವುದು ಕಷ್ಟ. ಹಾಗೆ ಒಳಗೆ ಹೋದ ಪಾದ್ರಿಯ ಮಾತಿಗೆ ದರ್ಬಾರಿನಲ್ಲಿ ಬೆಲೆ ಇಳಿಯುತ್ತದೆ, ಯಾಕೆಂದರೆ ಅವರು ಆಗಲೇ ಒಬ್ಬ ಸರದಾರನ ಮನುಷ್ಯ ಆಗಿಬಿಟ್ಟಿರುತ್ತಾರೆ.

ದರ್ಬಾರಿನಲ್ಲಿ ಮೊದಲ ಕಾಲು ಗಂಟೆ ಪಾದ್ರಿ ಬಾಯಿ ತೆರೆಯುವಂತಿಲ್ಲ. ನವಾಬ ತನ್ನ ದೂರುಗಳನ್ನು ಒಂದೊಂದಾಗಿ ಹೇಳುತ್ತಾನೆ: 1769ರ ಕರಾರು ಮುರಿದದ್ದು, ಮಾಹೆ, ಗುಂಟೂರು. ಹೈದರ್ ಶ್ವಾರ್ಟ್ಸ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಮಾಧಾನವಾಗಿ ಮಾತಾಡಿದ, ಆದರೆ ದೂರುಗಳಲ್ಲಿ ಒಂದನ್ನೂ ಬಿಡಲಿಲ್ಲ. ಇಲ್ಲಿ ಪಾದ್ರಿಗಳಿಗೆ ಮೂರು ಆಸೆಗಳು ಕಾಡುತ್ತವೆ. ಒಂದು, ಉಪದೇಶ ಮಾಡುವುದು. ಎರಡು, ಕಂಪನಿಯ ಪರವಾಗಿ ಕ್ಷಮೆ ಕೇಳಿಬಿಡುವುದು. ಆ ಅಧಿಕಾರ ಅವರಿಗೆ ಯಾರೂ ಕೊಟ್ಟಿಲ್ಲ. ಮೂರು, ಯಾರದು ತಪ್ಪು ಎಂದು ತೀರ್ಪು ಕೊಡುವುದು. ತಕ್ಕರಾಗಿ ಊರಿನ ವ್ಯಾಜ್ಯ ಬಿಡಿಸಿ ರೂಢಿ ಇರುವವರಿಗೆ ಮೂರನೆಯದು ತಡೆಯುವುದೇ ಇಲ್ಲ. ಊರಿನ ಕಟ್ಟೆಯಲ್ಲಿ ಎರಡೂ ಕಡೆಯವರು ತಕ್ಕರ ಮಾತಿಗೆ ತಲೆಬಾಗಿ ಬಂದಿರುತ್ತಾರೆ. ಇಲ್ಲಿ ಯಾರೂ ಹಾಗೆ ಬಂದಿಲ್ಲ.

ಈಗ ಅಭ್ಯಾಸದ ನಡುಭಾಗ, ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವ ಭಾಗ: ಕೇಳಿದ್ದನ್ನು ತಿರುಗಿ ಒಪ್ಪಿಸುವುದು. ಹೈದರನಿಗೆ ಓದು ಬರಹ ಬರುತ್ತಿರಲಿಲ್ಲ, ನೆನಪಿನ ಶಕ್ತಿ ಅಸಾಧಾರಣ. ಅವನ ದಫ್ತರದ ಪದ್ಧತಿಯನ್ನು ಶ್ವಾರ್ಟ್ಸ್ ಕಣ್ಣಾರೆ ಕಂಡು ಬರೆದಿದ್ದಾನೆ. ಒಬ್ಬನಿಗೆ ಪತ್ರ ಹೇಳಿ ಬರೆಸುವುದು, ಅವನಿಂದಲೇ ಓದಿಸುವುದು, ಆಮೇಲೆ ಬೇರೊಬ್ಬನನ್ನು ಕರೆದು ಅದೇ ಪತ್ರವನ್ನು ಮತ್ತೆ ಓದಿಸುವುದು. ಬರೆದವನು ಹೇಳಿದ್ದನ್ನು ಬಿಟ್ಟು ಸ್ವಲ್ಪ ಆಚೀಚೆ ಮಾಡಿದ್ದರೂ ತಲೆ ಉಳಿಯುತ್ತಿರಲಿಲ್ಲ. ನಮ್ಮ ಅಭ್ಯಾಸಕ್ಕೆ ಇಬ್ಬರು ಮುನ್ಷಿಗಳು ಬೇಕಾದದ್ದು ಇದಕ್ಕೇ. ನವಾಬ ಮಾತು ಮುಗಿಸಿದ ಮೇಲೆ ಒಬ್ಬ ಮುನ್ಷಿ ಬರೆದದ್ದನ್ನು ಇನ್ನೊಬ್ಬ ಓದಬೇಕು, ಆಮೇಲೆ ಪಾದ್ರಿ ಕಾಗದ ನೋಡದೆ ಅದನ್ನೇ ತನ್ನ ಬಾಯಲ್ಲಿ ಹೇಳಬೇಕು, ನವಾಬ 'ಹೌದು' ಅನ್ನುವ ತನಕ.

ಮೊದಲ ಸುತ್ತಿನಲ್ಲಿ ಹೌದು ಅನ್ನಿಸಿಕೊಳ್ಳುವವರು ಕಡಿಮೆ. ಬಿಟ್ಟುಹೋಗುವುದು ಯಾವುದು ಎಂದು ಗಮನಿಸಿದರೆ ಅಲ್ಲೊಂದು ಕ್ರಮ ಕಾಣುತ್ತದೆ. ಹೆಸರು, ಊರು, ವರ್ಷ ಉಳಿಯುತ್ತವೆ. ಬೈಗುಳವೂ ಉಳಿಯುತ್ತದೆ. ಬಿದ್ದುಹೋಗುವುದು ಷರತ್ತು. 'ಇಂಥದ್ದು ಆದರೆ ಮಾತ್ರ ನಾನು ಇಂಥದ್ದು ಮಾಡುತ್ತೇನೆ' ಅನ್ನುವ ಮಾತು ಪಾದ್ರಿಯ ಬಾಯಲ್ಲಿ 'ನಾನು ಇಂಥದ್ದು ಮಾಡುತ್ತೇನೆ' ಆಗಿಬಿಡುತ್ತದೆ. ಶಾಂತಿ ಬೇಕೆಂದು ಬಂದವರ ಕಿವಿ ಒಪ್ಪಿಗೆಯನ್ನು ಹಿಡಿದುಕೊಂಡು ಷರತ್ತನ್ನು ಬಿಟ್ಟುಬಿಡುತ್ತದೆ.

1779ರ ದಾಖಲೆಯಲ್ಲೇ ಇದಕ್ಕೆ ಸಾಕ್ಷಿ ಇದೆ. ಇಂಗ್ಲಿಷರು ಸ್ನೇಹದ ಕೈ ಚಾಚಿದರೆ ನಾನು ನನ್ನ ಕೈ ಹಿಂದೆಗೆಯುವುದಿಲ್ಲ ಎಂದು ಹೈದರ್ ಹೇಳಿದನಂತೆ, ಅದರ ಬೆನ್ನಿಗೆ ಒಂದು ಷರತ್ತನ್ನೂ ಸೇರಿಸಿದನಂತೆ. ಅಚ್ಚಾದ ಪ್ರತಿಯಲ್ಲಿ ಷರತ್ತು ಶುರುವಾಗುವ ಜಾಗದಲ್ಲೇ ವಾಕ್ಯ ನಿಂತುಹೋಗಿದೆ. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಆ ಷರತ್ತುಗಳು ಏನೆಂದು ಈಗ ತಿಳಿಯುವಂತಿಲ್ಲ ಎಂದು ಬರೆದ. ಶಾಂತಿಗೆ ಹೈದರ್ ಕಟ್ಟಿದ ಬೆಲೆ ಏನೆಂಬುದು ಆ ತುಂಡಾದ ವಾಕ್ಯದಲ್ಲಿತ್ತು. ಈ ಸಾಲನ್ನು ದೊಡ್ಡ ಹಾಳೆಯಲ್ಲಿ ಬರೆದು ದರ್ಬಾರಿನ ಕೊಠಡಿಯ ಗೋಡೆಗೆ ಅಂಟಿಸುತ್ತೇವೆ, ಮುಂದಿನ ಭಾಗ ಖಾಲಿ ಬಿಟ್ಟು. ಎರಡನೆಯ ಸುತ್ತಿನಲ್ಲಿ ನವಾಬನ ಪಾತ್ರಧಾರಿ ತನ್ನ ಷರತ್ತನ್ನು ಅಲ್ಲಿ ತುಂಬಬೇಕು, ಪಾದ್ರಿ ಮೊದಲು ಷರತ್ತು ಹೇಳಿ ಆಮೇಲೆ ಒಪ್ಪಿಗೆ ಹೇಳಬೇಕು. ಕ್ರಮ ಬದಲಿಸಿದ್ದಷ್ಟಕ್ಕೇ ತಪ್ಪುಗಳು ಬಹಳ ಕಡಿಮೆಯಾಗುತ್ತವೆ. ಬರವಣಿಗೆಯಲ್ಲೂ ಇದೇ ನಿಯಮ: ಎಡಗಡೆ ಷರತ್ತು, ಬಲಗಡೆ ಒಪ್ಪಿಗೆ, ಎರಡರ ಕೆಳಗೂ ನವಾಬನ ಗುರುತು.

ಕಟುವಾದ ಮಾತನ್ನು ತಿಳಿಗೊಳಿಸಬಹುದೇ? ಇಷ್ಟು ಬಿಸಿಯಾಗಿ ಚರ್ಚೆಯಾಗುವ ವಿಷಯ ನಮ್ಮ ಅಭ್ಯಾಸದಲ್ಲಿ ಬೇರೊಂದಿಲ್ಲ, ಮತ್ತು ಧರ್ಮ ಓದಿದವರು ಇದ್ದರೆ ಮಾತ್ರ ಅದಕ್ಕೆ ಆಳ ಬರುತ್ತದೆ. ಜಗಳವಾಡಿದ ಇಬ್ಬರನ್ನು ಕೂಡಿಸಲು ಒಳ್ಳೆಯ ಮಾತು ತಲುಪಿಸುವವನು ಸುಳ್ಳುಗಾರನಲ್ಲ ಎಂಬ ಪ್ರವಾದಿ ವಚನವನ್ನು ಉಸ್ತಾದರು ಮುಂದಿಡುತ್ತಾರೆ. ಸಂಸ್ಕೃತ ಬಲ್ಲವರು ಅಪ್ರಿಯವಾದ ಸತ್ಯ ಹೇಳಬೇಡ ಎಂಬ ಶ್ಲೋಕ ನೆನಪಿಸುತ್ತಾರೆ, ಆದರೆ ಪ್ರಿಯವೆಂದು ಸುಳ್ಳನ್ನೂ ಹೇಳಬೇಡ ಎಂದು ಅದೇ ಶ್ಲೋಕ ಮುಂದುವರಿಯುವುದನ್ನೂ ಸೇರಿಸುತ್ತಾರೆ. ಫಾದರ್ ಪಾಪನಿವೇದನೆಯ ಗುಟ್ಟಿನ ಉದಾಹರಣೆ ಕೊಡುತ್ತಾರೆ. ನಿವೃತ್ತ ಸೈನಿಕರು ಕೇಳುವ ಪ್ರಶ್ನೆ ಒಂದೇ: 'ಗುರುಗಳೇ, ಆ ಕಡೆಯವನು ಹೊಡೆಯುತ್ತೇನೆ ಅಂದದ್ದನ್ನು ನೀವು ಹೇಳದೆ ಹೋದರೆ ನಮ್ಮ ಹುಡುಗರು ಕಾವಲು ಬಿಟ್ಟು ಮಲಗುವುದಿಲ್ಲವೇ?'

ಹೀಗೆ ಚರ್ಚಿಸುತ್ತ ನಾವು ಬಂದು ನಿಂತಿರುವ ಗೆರೆ ಇದು. ಬೈಗುಳವನ್ನು ಬಿಡಬಹುದು, ಅದು ಇಬ್ಬರ ನಡುವಿನ ಕೋಪವೇ ಹೊರತು ಸಂದೇಶ ಅಲ್ಲ. ದೂರು, ಬೆದರಿಕೆ, ಬೇಡಿಕೆ, ಗಡುವು, ಈ ನಾಲ್ಕನ್ನೂ ಒಂದು ಅಕ್ಷರ ಬಿಡದೆ ಒಪ್ಪಿಸಬೇಕು. ಉಸ್ತಾದರು ಹೇಳಿದ ವಚನಕ್ಕೂ ಇದಕ್ಕೂ ವಿರೋಧವಿಲ್ಲ ಎಂದು ಉಸ್ತಾದರೇ ವಿವರಿಸಿದ್ದನ್ನು ನಾವು ಉಳಿಸಿಕೊಂಡಿದ್ದೇವೆ: ಅಲ್ಲಿ ಹೇಳಿರುವುದು ಒಳ್ಳೆಯದನ್ನು ತಲುಪಿಸುವ ಮಾತು, ಅಪಾಯವನ್ನು ಮುಚ್ಚಿಡುವ ಮಾತು ಅಲ್ಲ. ಹೈದರ್ ಕಳುಹಿಸಿದ ಪತ್ರದಲ್ಲಿ ಕಂಪನಿಯ ಮೇಲಿನ ದೂರುಗಳ ಪಟ್ಟಿಯೇ ಇತ್ತು, ಇನ್ನೂ ಸೇಡು ತೀರಿಸಿಕೊಂಡಿಲ್ಲ ಎಂಬ ಮಾತೂ ಇತ್ತು. ಶ್ವಾರ್ಟ್ಸ್ ಅದನ್ನು ತಂದು ಮುಟ್ಟಿಸಿದ. ಮದ್ರಾಸಿನವರು ಕಿವಿಗೆ ಹಾಕಿಕೊಳ್ಳದೆ ಹೋದದ್ದು ಅವರ ಪಾಲಿಗೆ ಸೇರಿದ್ದು.

ಹಣದ ಸುತ್ತು ಚಿಕ್ಕದು, ಬಿಡುವಂತಿಲ್ಲ. ಶ್ವಾರ್ಟ್ಸ್ ಉಡುಗೊರೆ ಮುಟ್ಟುವುದಿಲ್ಲವೆಂದು ನಿಶ್ಚಯಿಸಿಯೇ ಹೊರಟಿದ್ದ. ವಾಪಸು ಬರುವಾಗ ದಾರಿಖರ್ಚಿಗೆಂದು ಹೈದರ್ ಕೊಟ್ಟ 300 ರೂಪಾಯಿಯ ಚೀಲವನ್ನು ಮದ್ರಾಸಿಗೆ ತಂದು ಸರಕಾರದ ಮುಂದೆ ಇಟ್ಟ. ನೀನೇ ಇಟ್ಟುಕೋ ಎಂದು ಅವರು ಹೇಳಿದ ಮೇಲೆ, ಅವರ ಒಪ್ಪಿಗೆ ಪಡೆದು ತಂಜಾವೂರಿನ ಬಡಮಕ್ಕಳ ಶಾಲೆಗೆ ಮೂಲಧನ ಮಾಡಿದ. ಅಭ್ಯಾಸದಲ್ಲಿ ನವಾಬ ಒಂದು ಲಕೋಟೆ ಕೊಡುತ್ತಾನೆ. ಬೇಡವೆಂದು ತಿರಸ್ಕರಿಸಿದರೆ ಆತಿಥ್ಯಕ್ಕೆ ಅವಮಾನ, ಸುಮ್ಮನೆ ಜೇಬಿಗಿಟ್ಟರೆ ಮದ್ರಾಸಿನಲ್ಲಿ ಸಂಶಯ. ಸರಿಯಾದ ದಾರಿ ಮೂರು ಹೆಜ್ಜೆಯದು: ಎಲ್ಲರ ಎದುರಿಗೆ ತೆಗೆದುಕೊಳ್ಳುವುದು, ಮೊತ್ತ ಎಣಿಸಿ ಮುನ್ಷಿಯಿಂದ ಬರೆಸುವುದು, ಕಳುಹಿಸಿದವರ ಮುಂದೆ ತಂದಿಡುವುದು. ಮಠ, ಮಸೀದಿ, ಚರ್ಚು ನಡೆಸಿದವರಿಗೆ ಇದರಲ್ಲಿ ಇನ್ನೊಂದು ಸೆಳೆತ ಇರುತ್ತದೆ. ಒಳ್ಳೆಯ ಕೆಲಸಕ್ಕೆ ತಾನೇ ಎಂದು ದಾರಿಯಲ್ಲೇ ದಾನ ಮಾಡಿಬಿಡುತ್ತಾರೆ. ದಾನ ಮಾಡಿದ್ದೇ ಆದರೂ ಲೆಕ್ಕ ಒಪ್ಪಿಸುವ ಮೊದಲು ಮಾಡಿದರೆ ಅದು ಪಡೆದುಕೊಂಡ ಹಣವೇ.

ಮಧ್ಯಾಹ್ನದ ಊಟ ಆದ ಮೇಲೆ ಉಸ್ತುವಾರಿಯವರು ದರ್ಬಾರಿನ ಕೊಠಡಿಗೆ ಒಂದು ಚೀಟಿ ಕಳುಹಿಸುತ್ತಾರೆ: ಹಾರ್ಪರ್‌ನ ದಂಡು ಕಡಪದ ಸೀಮೆ ಹೊಕ್ಕಿದೆ. ಇದು ನಡೆದದ್ದೂ ಶ್ವಾರ್ಟ್ಸ್ ಶ್ರೀರಂಗಪಟ್ಟಣದ ದಾರಿಯಲ್ಲಿದ್ದ ದಿನಗಳಲ್ಲೇ. ಹೈದರನ ಅಧಿಕಾರಿಗಳು ದಾರಿಗೆ ಮರ ಕಡಿದು ಹಾಕಿ ತಡೆದದ್ದರಿಂದ ಆ ದಂಡು ಹಿಂದಿರುಗಿತು. ಅಭ್ಯಾಸದಲ್ಲಿ ಚೀಟಿ ಓದಿದ ನವಾಬ ಪಾದ್ರಿಯ ಕಡೆ ತಿರುಗಿ 'ಇದು ನಿಮಗೆ ಗೊತ್ತಿತ್ತೇ?' ಎಂದು ಕೇಳಲೇಬೇಕು.

ಇಲ್ಲಿ ಪಾದ್ರಿಯ ಪಾತ್ರದಲ್ಲಿರುವವರ ಮುಖ ಕೆಂಪಾಗುವುದನ್ನು ನೋಡಬೇಕು. ಆಟ ಅಂತ ಗೊತ್ತಿದ್ದೂ ಕೆಲವರಿಗೆ ಕೌನ್ಸಿಲ್ ಮೇಲೆ ನಿಜವಾದ ಸಿಟ್ಟು ಬರುತ್ತದೆ. ಬೆಳಿಗ್ಗೆ ಸೈನ್ಯದ ಪ್ರಶ್ನೆ ಕೇಳಿದ್ದವರಿಗೆ ಒಂದು ಉತ್ತರ ಇರುತ್ತದೆ: ಕೇಳಿದ್ದೆ, ಅವರು ಹೀಗೆ ಹೇಳಿದ್ದರು, ಇಲ್ಲಿ ಬರೆದಿದೆ. ಕೇಳದವರಿಗೆ ಉಳಿಯುವುದು 'ಗೊತ್ತಿರಲಿಲ್ಲ' ಎಂಬ ಒಂದು ಮಾತು. ಅದು ಪೂರ್ತಿ ನಿಜ, ಆದರೆ ನವಾಬನಿಗೆ ಅದರಿಂದ ಏನೂ ಉಪಯೋಗವಿಲ್ಲ. ನಮ್ಮ ಖಚಿತವಾದ ಅಭಿಪ್ರಾಯ ಇದು: ಯುದ್ಧದ ಸಂಧಾನದಲ್ಲಿ ಧರ್ಮಪಂಡಿತರ ಹತ್ತಿರ ಇರುವ ಆಸ್ತಿ ಅವರ ಮೇಲಿನ ನಂಬಿಕೆ ಒಂದೇ, ಮತ್ತು ಅದನ್ನು ಖರ್ಚು ಮಾಡುವವರು ಅವರನ್ನು ಕಳುಹಿಸಿದವರು. ಶ್ವಾರ್ಟ್ಸ್ ಸೋತದ್ದು ಅವನಿಗೆ ಮಾತು ಬಾರದೆ ಅಲ್ಲ. ಅವನ ಮಾತಿನ ಹಿಂದೆ ಇರಬೇಕಾಗಿದ್ದ ಕಂಪನಿ ಆ ಹೊತ್ತಿಗೆ ಬೇರೆ ದಾರಿಯಲ್ಲಿ ನಡೆಯುತ್ತಿತ್ತು. 1780ರ ಜುಲೈಯಲ್ಲಿ ಹೈದರ್ ಆರ್ಕಾಟಿನ ಕರ್ನಾಟಿಕ್ ಸೀಮೆಗೆ ನುಗ್ಗಿದ. ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಸೈನ್ಯ ನಾಶವಾಯಿತು.

ಆದರೂ ಆ ಒಬ್ಬ ಮನುಷ್ಯನ ಮೇಲಿನ ನಂಬಿಕೆ ಪೂರ್ತಿ ಕರಗಲಿಲ್ಲ. ಯುದ್ಧ ನಡೆಯುತ್ತಿರುವಾಗಲೂ ಆ ಪಾದ್ರಿಯನ್ನು ತಡೆಯಬೇಡಿ, ಗೌರವದಿಂದ ಕಾಣಿರಿ ಎಂದು ಹೈದರ್ ತನ್ನ ಅಧಿಕಾರಿಗಳಿಗೆ ಹೇಳಿದ್ದ. ಕಂಪನಿಯ ಅಧಿಕೃತ ದೂತರಿಗೆ ಸಿಗದ ದಾರಿ ಅದು. 1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ ಮೇಲೆ, 1783ರಲ್ಲಿ ಮದ್ರಾಸಿನವರು ಶ್ವಾರ್ಟ್ಸ್‌ನನ್ನು ಮತ್ತೊಮ್ಮೆ, ಈ ಸಲ ಟಿಪ್ಪುವಿನ ಬಳಿಗೆ ಹೊರಡಿಸಿದರು. ಸತ್ಯಮಂಗಲದಲ್ಲಿ ಟಿಪ್ಪುವಿನ ಅಧಿಕಾರಿಗಳು ತಡೆದು ವಾಪಸು ಕಳುಹಿಸಿದರು. ಒಪ್ಪಂದವಾದದ್ದು ಕಂಪನಿಯ ಮೂವರು ಕಮಿಷನರುಗಳ ಜೊತೆ, 1784ರ ಮಾರ್ಚ್ 11ರಂದು ಮಂಗಳೂರಿನಲ್ಲಿ. ಸಮಯ ಉಳಿದಿದ್ದರೆ ಸತ್ಯಮಂಗಲದ ಸುತ್ತನ್ನೂ ಆಡಿಸುತ್ತೇವೆ. ಬೆಳಗಿನ ಆಟ ಆಡಿದ್ದ ನವಾಬನ ಕಡೆಯವರು ಸಾಮಾನ್ಯವಾಗಿ ಗಡಿಯಲ್ಲೇ ತಡೆಯುತ್ತಾರೆ, ಯಾರೂ ಹೇಳಿಕೊಡಬೇಕಾಗಿಲ್ಲ.

ಎರಡನೆಯ ದಿನ ಬೇರೆ ಎರಡು ಮಾದರಿಗಳನ್ನು ಮೇಜಿನ ಮೇಲಿಡುತ್ತೇವೆ, ಆಡಿಸದೆ, ಕಾಗದ ಓದಿ ಹೋಲಿಸಲು. ಮೊದಲನೆಯದು ಮೊಜಾಂಬಿಕ್. ಅಲ್ಲಿಯ ಸರಕಾರ ಮತ್ತು ರೆನಾಮೋ ಬಂಡುಕೋರರ ಮಾತುಕತೆ 1990ರ ಜುಲೈಯಲ್ಲಿ ರೋಮ್ ನಗರದ ಸಾಂತ್ ಎಜಿದಿಯೊ ಎಂಬ ಕ್ಯಾಥೊಲಿಕ್ ಸಮುದಾಯದ ಮನೆಯಲ್ಲಿ ಶುರುವಾಗಿ, 1992ರ ಅಕ್ಟೋಬರ್ 4ರಂದು ಒಪ್ಪಂದದಲ್ಲಿ ಮುಗಿಯಿತು. ಮಧ್ಯಸ್ಥರು ನಾಲ್ವರು: ಆ ಸಮುದಾಯದ ಆಂದ್ರೆಯಾ ರಿಕ್ಕಾರ್ದಿ ಮತ್ತು ಮತ್ತೇಯೊ ಜುಪ್ಪಿ, ಬೆಯ್ರಾದ ಆರ್ಚ್‌ಬಿಷಪ್ ಜೈಮೆ ಗೊನ್ಸಾಲ್ವೆಸ್, ಇಟಲಿಯ ರಾಜಕಾರಣಿ ಮಾರಿಯೊ ರಫಾಯೆಲ್ಲಿ. ಗೊನ್ಸಾಲ್ವೆಸ್ ಅವರದೂ ಬಂಡುಕೋರರ ನಾಯಕ ಧ್ಲಾಕಾಮಾ ಅವರದೂ ಒಂದೇ ಮಾತೃಭಾಷೆ. 1988ರಲ್ಲೇ ಆರ್ಚ್‌ಬಿಷಪ್ ಕಾಡಿಗೆ ಹೋಗಿ ಅವರನ್ನು ಕಂಡು ಬಂದಿದ್ದರು. ಶ್ವಾರ್ಟ್ಸ್‌ಗಿಂತ ಇವರ ಸ್ಥಾನ ಗಟ್ಟಿ. ಇವರು ಒಂದು ಪಕ್ಷ ಕಳುಹಿಸಿದ ದೂತರಲ್ಲ, ಇಬ್ಬರಿಗೂ ಬಾಗಿಲು ತೆರೆದ ಮನೆಯವರು. ಸೈನ್ಯ ವಿಲೀನ, ಚುನಾವಣೆ, ಕದನವಿರಾಮ ಒಂದೊಂದಕ್ಕೂ ಬೇರೆ ಬೇರೆ ಪ್ರೋಟೋಕಾಲ್ ಬರೆಸಿದರು. ಖಾತರಿಗೆ ವಿಶ್ವಸಂಸ್ಥೆಯನ್ನು ಕರೆದರು. ತಮ್ಮಿಂದ ಆಗದ ಕೆಲಸವನ್ನು ಆಗುವವರ ಕೈಗೆ ಕೊಟ್ಟರು.

ಎರಡನೆಯದು ನಮ್ಮ ದೇಶದ್ದೇ, ಮತ್ತು ಕೊಡಗಿನ ಸೈನಿಕ ಕುಟುಂಬಗಳಿಗೆ ಕಿವಿಗೆ ಬಿದ್ದಿರುವಂಥದ್ದು: ನಾಗಾಲ್ಯಾಂಡ್. ಅಲ್ಲಿಯ ಬ್ಯಾಪ್ಟಿಸ್ಟ್ ಚರ್ಚುಗಳ ಪರಿಷತ್ತು ಮುಂದಾಗಿ 1964ರಲ್ಲಿ ಶಾಂತಿ ನಿಯೋಗ ರಚನೆಯಾಯಿತು. ಜಯಪ್ರಕಾಶ ನಾರಾಯಣ್, ಅಸ್ಸಾಮಿನ ಮುಖ್ಯಮಂತ್ರಿ ಬಿ.ಪಿ. ಚಲಿಹಾ, ಆಂಗ್ಲಿಕನ್ ಪಾದ್ರಿ ಮೈಕೆಲ್ ಸ್ಕಾಟ್ ಅದರ ಸದಸ್ಯರು. ಸೆಪ್ಟೆಂಬರ್ 6ರಿಂದ ಕದನವಿರಾಮ ಜಾರಿಗೆ ಬಂತು, ಕೊಹಿಮಾ ಹತ್ತಿರದ ಚೆಡೆಮಾದಲ್ಲಿ ಮಾತುಕತೆ ನಡೆಯಿತು. 1966ರಲ್ಲಿ ನಿಯೋಗ ಒಡೆಯಿತು: ಜಯಪ್ರಕಾಶರು ರಾಜೀನಾಮೆ ಕೊಟ್ಟರು, ಸ್ಕಾಟ್ ನಾಗಾಗಳ ಕಡೆಗೆ ವಾಲಿದ್ದಾರೆ ಎಂದು ಭಾರತ ಸರಕಾರ ಅವರನ್ನು ದೇಶದಿಂದ ಹೊರಗೆ ಕಳುಹಿಸಿತು. ಈ ಕಾಗದ ಓದಿದ ಮೇಲೆ ಕೇಳುವ ಪ್ರಶ್ನೆ ಒಂದೇ: ಮಧ್ಯಸ್ಥನ ಸಹಾನುಭೂತಿ ಯಾವ ಹಂತದಲ್ಲಿ ಪಕ್ಷ ವಹಿಸಿದಂತೆ ಕಾಣತೊಡಗುತ್ತದೆ? ಕೋಣೆಯಲ್ಲಿ ಈ ಬಗ್ಗೆ ಒಮ್ಮತ ಮೂಡುವುದಿಲ್ಲ, ಮೂಡಿಸಲು ನಾವು ಹೋಗುವುದೂ ಇಲ್ಲ. ಅಲ್ಲಿ ಸೇವೆ ಮಾಡಿ ಬಂದವರು ಹೇಳುವುದೇ ಬೇರೆ, ಚರ್ಚಿನವರು ಹೇಳುವುದೇ ಬೇರೆ. ಇಬ್ಬರೂ ಒಂದೇ ಮೇಜಿನಲ್ಲಿ ಕೂತು ಹೇಳುತ್ತಾರೆ ಎಂಬುದು ನಮಗೆ ದೊಡ್ಡ ವಿಷಯ.

ಇನ್ನು ಹದಿನಾಲ್ಕನೆಯ ಕುರ್ಚಿ. ಅದು ಕೊಡಗಿನದು. ದರ್ಬಾರಿನ ಕೊಠಡಿಯ ಮೂಲೆಯಲ್ಲಿ ಒಬ್ಬರು ಇಡೀ ದಿನ ಕೂತಿರುತ್ತಾರೆ, ಮಾತಾಡುವಂತಿಲ್ಲ, ಯಾರಾದರೂ ಕೇಳಿದರೆ ಮಾತ್ರ ಉತ್ತರ. 1780ರಲ್ಲಿ ಕೊಡಗಿನ ಅರಸ ಲಿಂಗರಾಜ ತೀರಿಕೊಂಡ ಮೇಲೆ ಮಕ್ಕಳು ಚಿಕ್ಕವರೆಂಬ ನೆಪದಲ್ಲಿ ಹೈದರ್ ಕೊಡಗನ್ನು ತನ್ನ ನೇರ ಆಡಳಿತಕ್ಕೆ ತೆಗೆದುಕೊಂಡ. ಸೆರೆಯಲ್ಲಿದ್ದ ಅವನ ಮಗ ದೊಡ್ಡ ವೀರರಾಜೇಂದ್ರ 1788ರಲ್ಲಿ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಬಂದು, 1790ರ ಅಕ್ಟೋಬರಿನಲ್ಲಿ ಕಂಪನಿಯೊಂದಿಗೆ ಕರಾರು ಮಾಡಿಕೊಂಡ. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದ ಮಾತುಕತೆ ಮುರಿದುಬೀಳುವ ಹಂತಕ್ಕೆ ಬಂದದ್ದೇ ಕೊಡಗಿನ ವಿಷಯಕ್ಕೆ. ಕೊಡಗನ್ನು ಬಿಟ್ಟುಕೊಡಬೇಕೆಂದು ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಪಟ್ಟು ಹಿಡಿದಾಗ, ಇಂಗ್ಲಿಷರ ಯಾವ ಸೀಮೆಗೆ ಕೊಡಗು ತಾಗಿಕೊಂಡಿದೆ, ಶ್ರೀರಂಗಪಟ್ಟಣದ ಬೀಗದ ಕೈಯನ್ನೇ ಯಾಕೆ ಕೇಳಬಾರದು ಎಂದು ಟಿಪ್ಪು ಸಿಡಿದನಂತೆ. ಮುತ್ತಿಗೆ ಮತ್ತೆ ಶುರುವಾಗುವ ಸಿದ್ಧತೆ ನಡೆದ ಮೇಲೆ ಮಾರ್ಚ್‌ನಲ್ಲಿ ಅವನು ಒಪ್ಪಿದ. ಹೀಗೆ ಇಬ್ಬರು ಎಳೆದಾಡಿದ ನಾಡಿನ ಅರಸನಿಗೆ ಆ ಮೇಜಿನಲ್ಲಿ ಜಾಗ ಇರಲಿಲ್ಲ. 1834ರಲ್ಲಿ ಅದೇ ಕಂಪನಿ ಕೊಡಗನ್ನು ತನ್ನ ಆಳ್ವಿಕೆಗೆ ಸೇರಿಸಿಕೊಂಡಿತು.

ಮೂಲೆಯ ಕುರ್ಚಿಯಲ್ಲಿ ಕೂತವರ ಕೈಯಲ್ಲೂ ಒಂದು ಲಕೋಟೆ ಇರುತ್ತದೆ. ಅದರಲ್ಲಿ ಎರಡೂ ಸೈನ್ಯಗಳು ಯಾವ ಘಟ್ಟದ ದಾರಿಯಲ್ಲಿ ಹೋದವು, ಎಷ್ಟು ಭತ್ತ ಎತ್ತಿಕೊಂಡವು, ಸೆರೆಯಾದವರು ಎಲ್ಲಿದ್ದಾರೆ ಎಂಬ ಮಾಹಿತಿ, ಅಭ್ಯಾಸಕ್ಕೆಂದು ನಾವೇ ಬರೆದದ್ದು. ಪಾದ್ರಿಯೋ ಅವರ ಜೊತೆಗಾರನೋ ಹತ್ತಿರ ಹೋಗಿ ಕೇಳಿದರೆ ಲಕೋಟೆ ಒಡೆಯುತ್ತದೆ, ಕದನವಿರಾಮದ ಕರಡಿಗೆ ಬೇಕಾದ ಮೂರು ಸಾಲು ಅದರಿಂದ ಸಿಗುತ್ತವೆ. ಆ ಸಾಲುಗಳಿಲ್ಲದ ಕರಡು ಸಾಯಂಕಾಲದ ತಪಾಸಣೆಯಲ್ಲಿ ನಿಲ್ಲುವುದಿಲ್ಲ: ಸೈನ್ಯ ವಾಪಸಾಗುವ ದಾರಿಯೇ ಅದರಲ್ಲಿ ಬರೆದಿರುವುದಿಲ್ಲ. ಕೇಳಬೇಕೆಂದು ನಾವು ಸೂಚನೆ ಕೊಡುವುದಿಲ್ಲ. ಹೊಸದಾಗಿ ನಡೆಸುವವರು ಈ ಕುರ್ಚಿಯನ್ನು ಬಾಗಿಲ ಪಕ್ಕಕ್ಕೆ ಹಾಕಿ, ಪಾದ್ರಿ ಒಳಗೆ ಬರುವಾಗಲೂ ಹೊರಗೆ ಹೋಗುವಾಗಲೂ ದಾಟಿಕೊಂಡೇ ಹೋಗಬೇಕು ಹಾಗೆ. ಅಲ್ಲಿ ಕೂರಲು ವಯಸ್ಸಾದವರಿಗಿಂತ ಕಾಲೇಜಿನ ಹುಡುಗಿಯೋ ಹುಡುಗನೋ ಒಳ್ಳೆಯದು. ದೊಡ್ಡವರು ಕೂತರೆ ಮರ್ಯಾದೆಗಾಗಿ ಎಲ್ಲರೂ ಮಾತಾಡಿಸಿಬಿಡುತ್ತಾರೆ.